ಕಂದು ಕೂದಲಿನಲ್ಲಿ ಮೊದಲ ನರೆ: ಕಪ್ಪು ಬಣ್ಣಕ್ಕೆ ಅವಸರ ಬೇಡ

ಪ್ರಶ್ನೆ: ನನಗೆ 31 ವರ್ಷ. ಕೊಡಗಿನ ಸೋಮವಾರಪೇಟೆ ಹತ್ತಿರದ ಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ನಾನು ಶಾಲಾ ಶಿಕ್ಷಕಿ. ಹುಟ್ಟಿನಿಂದಲೂ ನನ್ನದು ಕಂದು ಕೂದಲು, ಅಮ್ಮನದೂ ಹಾಗೆಯೇ. ಆರೇಳು ತಿಂಗಳಿಂದ ಬೈತಲೆಯ ಉದ್ದಕ್ಕೂ ಎಡಗಿವಿಯ ಮೇಲ್ಭಾಗದಲ್ಲೂ ಬಿಳಿ ಕೂದಲು ಕಾಣಿಸುತ್ತಿದೆ. ಈಗ ಇಪ್ಪತ್ತು ಮೂವತ್ತು ಎಳೆಗಳಾದರೂ ಇರಬಹುದು. ಮೊದಮೊದಲು ಕಿತ್ತು ಹಾಕುತ್ತಿದ್ದೆ. ಒಂದು ಕಿತ್ತರೆ ಹತ್ತು ಹುಟ್ಟುತ್ತವೆ ಎಂದು ಅತ್ತೆ ಹೇಳಿದ ಮೇಲೆ ನಿಲ್ಲಿಸಿದೆ. ಬೋರ್‌ವೆಲ್ ನೀರಿನಿಂದ ಹೀಗಾಗಿದೆ ಎಂದು ಯಜಮಾನರು ಹೇಳುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಬಯೋಟಿನ್ ಎಂಬ ವಿಟಮಿನ್ ಮಾತ್ರೆಯನ್ನು ಎರಡು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೇನೆ, ವ್ಯತ್ಯಾಸ ಕಂಡಿಲ್ಲ. ನಾವು ಸಸ್ಯಾಹಾರಿಗಳು. ಇತ್ತೀಚೆಗೆ ಆಯಾಸವೂ ಸ್ವಲ್ಪ ಹೆಚ್ಚು. ಮುಂದಿನ ತಿಂಗಳ ಕೊನೆಯಲ್ಲಿ ತಮ್ಮನ ಮದುವೆಯಿದೆ. ಇಡೀ ತಲೆಗೆ ಕಪ್ಪು ಬಣ್ಣ ಹಾಕಿಸಿಕೊಂಡರೆ ಒಂದೇ ಸಲಕ್ಕೆ ಮುಗಿಯುತ್ತದೆ ಎಂದು ಬ್ಯೂಟಿ ಪಾರ್ಲರಿನವರು ಹೇಳುತ್ತಾರೆ; ಮದರಂಗಿ ಸಾಕು ಎಂದು ಅಕ್ಕ ಹೇಳುತ್ತಾಳೆ. ಬಣ್ಣದಿಂದ ಕ್ಯಾನ್ಸರ್ ಬರುತ್ತದೆಂಬ ಭಯವೂ ಇದೆ. ಮದುವೆ ಮುಗಿದ ಮೇಲೆ ಎರಡನೆಯ ಮಗುವಿನ ಯೋಚನೆ ಇರುವುದರಿಂದ ಇನ್ನಷ್ಟು ಹೆದರಿಕೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಚಿಂತೆ ಎರಡೇ. ಈ ವಯಸ್ಸಿಗೇ ನರೆ ಕಾಣಿಸಿಕೊಂಡಿರುವುದು ಒಳಗಿನ ಯಾವುದಾದರೂ ಕಾಯಿಲೆಯ ಸೂಚನೆಯೇ ಎಂಬುದು ಒಂದು. ಮದುವೆಮನೆಯಲ್ಲಿ ನೆಂಟರಿಷ್ಟರ ಕಣ್ಣಿಗೆ ಬೀಳುವ ಮೊದಲು ಏನಾದರೂ ಮಾಡಬೇಕಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಂಡರೆ ಉತ್ತರ ಸಿಗುತ್ತದೆ. ಎರಡನೆಯದರ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಂದು ಕೂದಲಿನ ನಡುವೆ ಬಂದಿರುವ ಇಪ್ಪತ್ತು ಮೂವತ್ತು ಬಿಳಿ ಎಳೆಗಳಿಗಾಗಿ ಇಡೀ ತಲೆಗೆ ಕಪ್ಪು ಬಣ್ಣ ಹಾಕಿಸಿಕೊಳ್ಳಬೇಡಿ. ಬಣ್ಣ ಬೇಕೆನಿಸಿದರೆ ಮುಂದೆ ಯಾವಾಗ ಬೇಕಾದರೂ ಹಾಕಿಸಿಕೊಳ್ಳಬಹುದು. ಆದರೆ ಒಮ್ಮೆ ಕಪ್ಪಾಗಿಸಿದ ಕೂದಲನ್ನು ನಿಮ್ಮ ಸ್ವಂತ ಕಂದು ಬಣ್ಣಕ್ಕೆ ಮರಳಿ ತರುವುದು ಬಹಳ ಕಷ್ಟ.

ವಯಸ್ಸಿನ ವಿಷಯದಲ್ಲಿ ಸಮಾಧಾನ ಪಟ್ಟುಕೊಳ್ಳಿ. ಏಷ್ಯಾದ ಜನರಲ್ಲಿ 25 ವರ್ಷಕ್ಕೆ ಮುಂಚೆ ಕಾಣಿಸುವ ನರೆಯನ್ನು ಮಾತ್ರ ಚರ್ಮವೈದ್ಯರು ಅಕಾಲ ನರೆ ಎಂದು ಪರಿಗಣಿಸುತ್ತಾರೆ. ಯುರೋಪ್ ಮೂಲದವರಿಗೆ ಈ ಗಡಿ 20 ವರ್ಷ, ಆಫ್ರಿಕಾ ಮೂಲದವರಿಗೆ 30. ನೀವು ಮೂವತ್ತು ದಾಟಿದ್ದೀರಿ. ಈ ವಯಸ್ಸಿನಲ್ಲಿ ಬೈತಲೆಯಲ್ಲೂ ಕಿವಿಯ ಮೇಲ್ಭಾಗದಲ್ಲೂ ಕೆಲವು ಬಿಳಿ ಎಳೆಗಳು ಕಾಣಿಸುವುದು ತೀರಾ ಸಾಮಾನ್ಯ. ಇದರ ಕಾಲವನ್ನು ನಿರ್ಧರಿಸುವುದು ಬಹುಮಟ್ಟಿಗೆ ವಂಶವಾಹಿಗಳು. ನಿಮ್ಮ ತಂದೆತಾಯಿಗೆ, ಸೋದರಮಾವನಿಗೆ, ಸೋದರತ್ತೆಗೆ ಯಾವ ವಯಸ್ಸಿನಲ್ಲಿ ನರೆ ಆರಂಭವಾಯಿತೆಂದು ವಿಚಾರಿಸಿ ನೋಡಿ. ನಾನು ರೋಗಿಗಳಿಗೆ ಮೊದಲು ಕೇಳುವ ಪ್ರಶ್ನೆ ಇದೇ, ಮತ್ತು ಬಹಳಷ್ಟು ಮಂದಿಗೆ ಉತ್ತರ ಅಲ್ಲಿಯೇ ಸಿಗುತ್ತದೆ.

ಕೂದಲಿಗೆ ಬಣ್ಣ ಕೊಡುವ ವಸ್ತು ಮೆಲನಿನ್. ಇದರಲ್ಲಿ ಎರಡು ಬಗೆ: ಕಪ್ಪು ಮತ್ತು ಕಂದು ಛಾಯೆ ಕೊಡುವ ಯೂಮೆಲನಿನ್, ಕೆಂಪು ಮತ್ತು ಹಳದಿ ಛಾಯೆ ಕೊಡುವ ಫಿಯೋಮೆಲನಿನ್. ನಿಮ್ಮಂತಹ ಕಂದು ಕೂದಲಿನಲ್ಲಿ ಯೂಮೆಲನಿನ್ ಕಡುಗಪ್ಪು ಕೂದಲಿಗಿಂತ ಕಡಿಮೆ ಇರುತ್ತದೆ. ಇದು ಹುಟ್ಟಿನಿಂದ ಬಂದ ಸ್ವಭಾವವೇ ಹೊರತು ಕೊರತೆಯಲ್ಲ. ಈ ವರ್ಣದ್ರವ್ಯವನ್ನು ತಯಾರಿಸುವ ಮೆಲನೋಸೈಟ್ ಎಂಬ ಕೋಶಗಳು ಕೂದಲ ಬುಡದಲ್ಲಿ, ಚರ್ಮದ ಒಳಗೆ ಇರುತ್ತವೆ. ಕೂದಲು ಎರಡರಿಂದ ಆರು ವರ್ಷ ಬೆಳೆದು, ಕೆಲವು ವಾರ ಕುಗ್ಗಿ, ಸುಮಾರು ಮೂರು ತಿಂಗಳು ವಿಶ್ರಾಂತಿ ಪಡೆದು ಉದುರುತ್ತದೆ. ಅದೇ ಕೂಪದಿಂದ, ಅಂದರೆ ಕೂದಲು ಹುಟ್ಟುವ ಚರ್ಮದ ಕುಳಿಯಿಂದ, ಹೊಸ ಕೂದಲು ಹುಟ್ಟುವಾಗ ಹೊಸ ಮೆಲನೋಸೈಟ್‌ಗಳೂ ಬೇಕಾಗುತ್ತವೆ. ಅವುಗಳನ್ನು ಒದಗಿಸುವುದು ಕೂಪದ ಮೇಲ್ಭಾಗದಲ್ಲಿ ಉಳಿದಿರುವ ಆಕರಕೋಶಗಳು. ಕಣಜದಲ್ಲಿ ಎತ್ತಿಟ್ಟ ಬಿತ್ತನೆ ಭತ್ತದಂತೆ ಪ್ರತಿ ಸುತ್ತಿಗೂ ಅದರಿಂದ ಸ್ವಲ್ಪ ಖರ್ಚಾಗುತ್ತದೆ, ಮತ್ತೆ ತುಂಬಿಕೊಳ್ಳುವುದು ವಯಸ್ಸಾದಂತೆ ಕುಂದುತ್ತದೆ. ಆ ದಾಸ್ತಾನು ತೀರಿದ ಕೂಪದಿಂದ ಕೂದಲು ಬೆಳೆಯುವುದೇನೋ ನಿಲ್ಲುವುದಿಲ್ಲ, ಬಣ್ಣ ಮಾತ್ರ ಇರುವುದಿಲ್ಲ. ಇದರ ಜೊತೆಗೆ ಕೂದಲ ಬುಡದಲ್ಲಿ ಸಹಜವಾಗಿ ಉಂಟಾಗುವ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಎಂಬ ಕಿಣ್ವವೂ ವಯಸ್ಸಿನೊಂದಿಗೆ ಕಡಿಮೆಯಾಗುತ್ತದೆ, ಹೀಗೆ ಉಳಿದುಕೊಂಡ ಪೆರಾಕ್ಸೈಡ್ ಮೆಲನಿನ್ ತಯಾರಿಗೆ ಅಡ್ಡಿಯಾಗುತ್ತದೆ ಎಂಬುದನ್ನು 2009ರಲ್ಲಿ ಸಂಶೋಧಕರು ತೋರಿಸಿದರು.

ನಿಮ್ಮದೇ ಒಂದು ಬಿಳಿ ಎಳೆಯನ್ನು ಬುಡದ ಹತ್ತಿರ ಕತ್ತರಿಸಿ, ಕಪ್ಪು ಬಟ್ಟೆಯ ಮೇಲಿಟ್ಟು ಹಗಲು ಬೆಳಕಿನಲ್ಲಿ ನೋಡಿ. ತುದಿಯಿಂದ ಬುಡದವರೆಗೂ ಬಿಳಿಯಾಗಿದ್ದರೆ ಆ ಕೂದಲು ಹುಟ್ಟುವಾಗಲೇ ಬಣ್ಣವಿಲ್ಲದೆ ಹುಟ್ಟಿದೆ ಎಂದರ್ಥ. ಎಷ್ಟೋ ಎಳೆಗಳಲ್ಲಿ ತುದಿ ಕಂದಾಗಿದ್ದು, ನಡುವೆ ಮಾಸಲು ಬೂದಿ ಛಾಯೆಗೆ ತಿರುಗಿ, ಬುಡದ ಕೆಲವು ಸೆಂಟಿಮೀಟರ್ ಮಾತ್ರ ಬೆಳ್ಳಗಿರುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಬುಡದ 6 ಸೆಂಟಿಮೀಟರ್ ಬಿಳಿಯಾಗಿದ್ದರೆ ಆ ಕೂಪದಲ್ಲಿ ಬಣ್ಣದ ಕೆಲಸ ನಿಂತು ಹೆಚ್ಚುಕಡಿಮೆ ಆರು ತಿಂಗಳಾಗಿದೆ ಎಂದು ಲೆಕ್ಕ ಹಾಕಬಹುದು. ಹೊರಗೆ ಬಂದ ಕೂದಲಿನಲ್ಲಿ ಜೀವವಿರುವುದಿಲ್ಲ. ಅದರ ಬಣ್ಣ ಒಳಗಿನಿಂದ ಬದಲಾಗುವುದಿಲ್ಲ. ರಾತ್ರೋರಾತ್ರಿ ತಲೆ ಬೆಳ್ಳಗಾಯಿತು ಎಂಬ ಕತೆಗಳಿಗೆ ಒಂದು ವೈದ್ಯಕೀಯ ಕಾರಣ ಮಾತ್ರ ಉಂಟು: ಅಲೋಪೇಶಿಯಾ ಏರಿಯೇಟಾ ಎಂಬ ರೋಗದ ಒಂದು ಬಗೆಯಲ್ಲಿ ಬಣ್ಣವಿರುವ ಕೂದಲು ಬೇಗಬೇಗನೆ ಉದುರಿಹೋಗಿ, ಮೊದಲೇ ಇದ್ದ ಬಿಳಿ ಕೂದಲು ಮಾತ್ರ ಉಳಿದು ಎದ್ದು ಕಾಣುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಿಮ್ಮ ಮನೆಯಲ್ಲಿ ನಡೆದಿರುವ ಚರ್ಚೆಗಳಿಗೆ ಉತ್ತರ ಸುಲಭ. ಒಂದು ಕಿತ್ತರೆ ಹತ್ತು ಹುಟ್ಟುವುದಿಲ್ಲ. ಪಕ್ಕದ ಕೂಪಕ್ಕೆ ಈ ಕೂಪದಲ್ಲಿ ಏನಾಯಿತೆಂಬುದು ತಿಳಿಯುವುದೇ ಇಲ್ಲ. ನರೆ ಹೇಗಿದ್ದರೂ ಹೆಚ್ಚುತ್ತಿರುವ ಕಾಲದಲ್ಲಿ ನಾವು ಕೀಳುತ್ತಿರುತ್ತೇವೆ, ಆದ್ದರಿಂದ ಕಿತ್ತದ್ದೇ ಕಾರಣವೆನಿಸುತ್ತದೆ. ಆದರೂ ನಿಲ್ಲಿಸಿರೆಂದು ನಿಮ್ಮ ಅತ್ತೆಯವರು ಹೇಳಿದ್ದು ಒಳ್ಳೆಯ ಮಾತು. ಕಿತ್ತ ಕೂಪದಿಂದ ಕೆಲವು ತಿಂಗಳಲ್ಲಿ ಮತ್ತೆ ಬಿಳಿ ಕೂದಲೇ ಬರುತ್ತದೆ. ಪದೇ ಪದೇ ಕಿತ್ತರೆ ಕೂಪಕ್ಕೆ ಗಾಯವಾಗಿ ಕೀವುಗುಳ್ಳೆಯಾಗಬಹುದು, ಕೊನೆಗೆ ಕೂದಲೇ ಬಾರದೆ ಬೈತಲೆ ಅಗಲವಾಗಬಹುದು. ಬೈತಲೆಯಲ್ಲಿ ನೆಟ್ಟಗೆ ನಿಂತು ಕಾಡುವ ಒಂದೆರಡು ಎಳೆಗಳನ್ನು ಸಣ್ಣ ಕತ್ತರಿಯಿಂದ ಬುಡಕ್ಕೆ ಸಮೀಪವಾಗಿ ಕತ್ತರಿಸಿಕೊಂಡರೆ ಯಾವ ಹಾನಿಯೂ ಇಲ್ಲ.

ಬೋರ್‌ವೆಲ್ ನೀರು ಗಡುಸಾಗಿದ್ದರೆ ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಬಿಳಿ ಎಳೆಗಳಿಗೆ ಹಳದಿ ಛಾಯೆಯೂ ಬರಬಹುದು. ಆದರೆ ಚರ್ಮದೊಳಗಿನ ಮೆಲನೋಸೈಟನ್ನು ಆ ನೀರು ಮುಟ್ಟುವುದಿಲ್ಲ. ಶಾಂಪೂ, ಹೆಲ್ಮೆಟ್, ಮಳೆಗಾಲದ ಶೀತ ಇವುಗಳ ಮೇಲಿನ ಆರೋಪಗಳಿಗೂ ಇದೇ ಉತ್ತರ. ತೆಂಗಿನೆಣ್ಣೆ ಕೂದಲ ಎಳೆಯೊಳಗೆ ಸ್ವಲ್ಪ ಇಳಿದು ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ, ಹೊಳಪನ್ನೂ ಕೊಡುತ್ತದೆ. ಹಾಗಾಗಿ ಎಣ್ಣೆ ಹಚ್ಚುವುದನ್ನು ಬಿಡಬೇಕಾಗಿಲ್ಲ. ಆದರೆ ಗರುಗದ ಸೊಪ್ಪು, ಕರಿಬೇವು, ನೆಲ್ಲಿಕಾಯಿ ಹಾಕಿ ಕಾಯಿಸಿದ ಎಣ್ಣೆಯಿಂದ ತೀರಿಹೋದ ಆಕರಕೋಶಗಳು ಮರಳಿ ಬರುವುದಿಲ್ಲ. ನಮ್ಮ ಕಡೆ ಕೊಡವರ ಕಕ್ಕಡ ತಿಂಗಳ 18ನೇ ದಿನ ಪಾಯಸ ಮಾಡುವ ಮದ್ದುಸೊಪ್ಪಿನ ಕಡುನೇರಳೆ ರಸವನ್ನು ತಲೆಗೆ ಹಚ್ಚಿದರೆ ನರೆ ಹೋಗುತ್ತದೆಯೇ ಎಂದೂ ಕೆಲವರು ಕೇಳುವುದುಂಟು. ಪಾಯಸ ಸಂತೋಷದಿಂದ ಉಣ್ಣಿ. ಕೂದಲಿನ ಬಣ್ಣಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ.

ಚಿಂತೆಯಿಂದ ಕೂದಲು ನರೆಯುತ್ತದೆ ಎಂಬ ಹಳೆಯ ನಂಬಿಕೆಯನ್ನು ಮಾತ್ರ ಸುಳ್ಳೆಂದು ತಳ್ಳಿಹಾಕಲಾಗದು. 2020ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಲ್ಲಿ, ತೀವ್ರ ಒತ್ತಡದ ಹೊತ್ತಿನಲ್ಲಿ ನರತುದಿಗಳಿಂದ ಹೊರಬರುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಈ ಆಕರಕೋಶಗಳನ್ನು ಒಮ್ಮೆಲೇ ಖರ್ಚಾಗಿಸುತ್ತದೆ ಎಂದು ತೋರಿಸಿದರು. ಮರುವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದವರು 14 ಜನ ಸ್ವಯಂಸೇವಕರ ಕೂದಲೆಳೆಗಳನ್ನು ಉದ್ದಕ್ಕೂ ಸೂಕ್ಷ್ಮವಾಗಿ ಪರಿಶೀಲಿಸಿದಾಗ, ನರೆತ ಕೆಲವು ಎಳೆಗಳು ಮತ್ತೆ ಬಣ್ಣ ಪಡೆದದ್ದು ಕಂಡುಬಂತು. ಒಬ್ಬರಲ್ಲಿ ರಜೆಯ ದಿನಗಳಿಗೆ ಸರಿಹೊಂದುವಂತೆ ಐದು ಎಳೆಗಳು ಹೀಗೆ ಬದಲಾಗಿದ್ದವು. ಇದರಿಂದ ವಿಶ್ರಾಂತಿ ತೆಗೆದುಕೊಂಡರೆ ನರೆ ಹೋಗುತ್ತದೆ ಎಂದು ತೀರ್ಮಾನಿಸುವುದು ಸರಿಯಲ್ಲ. ಬಣ್ಣ ನಿಲ್ಲುವ ಅಂಚಿನಲ್ಲಿರುವ ಕೆಲವೇ ಕೆಲವು ಕೂಪಗಳಲ್ಲಿ ಮಾತ್ರ ಇಂತಹ ಹಿಮ್ಮರಳುವಿಕೆ ಸಾಧ್ಯ. ಬೀಡಿ ಸಿಗರೇಟಿಗೂ ಬೇಗ ನರೆಯುವುದಕ್ಕೂ ಸಂಬಂಧವಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ; ಇದು ನಿಮಗಲ್ಲದಿದ್ದರೂ ಮನೆಯ ಗಂಡಸರಿಗೆ ತಿಳಿದಿರಲಿ.

ಇನ್ನು ರಕ್ತಪರೀಕ್ಷೆಗೆ ಬರುತ್ತೇನೆ. ಬರೀ ನರೆಯಷ್ಟೇ ಇದ್ದಿದ್ದರೆ ನಿಮ್ಮ ವಯಸ್ಸಿಗೆ ಯಾವ ಪರೀಕ್ಷೆಯೂ ಬೇಡ ಎನ್ನುತ್ತಿದ್ದೆ. ಆದರೆ ನೀವು ಸಸ್ಯಾಹಾರಿ, ಆಯಾಸವಿದೆ, ಮುಂದೆ ಗರ್ಭಿಣಿಯಾಗುವ ಯೋಚನೆಯಿದೆ. ಈ ಮೂರೂ ಸೇರಿದಾಗ ಪರೀಕ್ಷೆ ಮಾಡಿಸಿಕೊಳ್ಳುವುದೇ ಸರಿ; ನರೆ ಅದಕ್ಕೊಂದು ನೆಪವಾಯಿತಷ್ಟೇ. ಹಿಮೋಗ್ಲೋಬಿನ್ ಸೇರಿದಂತೆ ಪೂರ್ಣ ರಕ್ತಕಣಗಳ ಎಣಿಕೆ, ವಿಟಮಿನ್ ಬಿ12, ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆಯೆಂದು ತೋರಿಸುವ ಫೆರಿಟಿನ್, ಥೈರಾಯ್ಡಿಗಾಗಿ ಟಿಎಸ್‌ಎಚ್, ಇಷ್ಟು ಸಾಕು. ನರೆಗೆಂದು ಇಪ್ಪತ್ತು ಮೂವತ್ತು ಪರೀಕ್ಷೆಗಳ ಪ್ಯಾಕೇಜು ಮಾಡಿಸುವ ಅಗತ್ಯವಿಲ್ಲ. ಬಿ12 ನಮಗೆ ಸಿಗುವುದು ಪ್ರಾಣಿಜನ್ಯ ಆಹಾರದಿಂದ. ಹಂದಿ, ಕೋಳಿ, ಮೀನು ಉಣ್ಣುವ ಮನೆಗಳಲ್ಲಿ ಕೊರತೆ ಕಡಿಮೆ. ನಿಮ್ಮಂತಹ ಮನೆಗಳಲ್ಲಿ ಹಾಲು ಮೊಸರೇ ಮುಖ್ಯ ಆಧಾರ. ಅದರಲ್ಲೂ ದಿನಕ್ಕೆರಡು ಲೋಟ ಕಾಫಿಗೆ ಹಾಕಿಕೊಳ್ಳುವ ಹಾಲು ಮಾತ್ರ ಹೊಟ್ಟೆಗೆ ಹೋಗುವವರಲ್ಲಿ ಕೊರತೆ ಕಾಣುವುದು ಹೊಸದೇನಲ್ಲ. ಎದೆಯುರಿಗೆ ವರ್ಷಗಟ್ಟಲೆ ಮಾತ್ರೆ ನುಂಗುವವರಲ್ಲೂ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಬಿ12 ಇಳಿಯುತ್ತದೆ. ಪಾದ ಜುಮ್ಮೆನ್ನುವುದು, ನಾಲಗೆ ಉರಿ, ಮರೆವು ಇವು ಜೊತೆಗಿದ್ದರೆ ಸಂಶಯ ಬಲವಾಗುತ್ತದೆ. ಬಿ12 ಕೊರತೆ ಅಥವಾ ಥೈರಾಯ್ಡ್ ದೋಷ ನಿಜವಾಗಿಯೂ ಇದ್ದು, ಅದನ್ನು ಸರಿಪಡಿಸಿದಾಗ ಕೆಲವರ ಕೂದಲಿಗೆ ಬಣ್ಣ ಮರಳಿದ್ದುಂಟು. ವಂಶದಿಂದ ಬಂದ ನರೆಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

ಪರೀಕ್ಷೆಗೆ ಹೋಗುವ ಮೊದಲು ಬಯೋಟಿನ್ ಮಾತ್ರೆಯನ್ನು ನಿಲ್ಲಿಸಿ. ಇದು ಬಹಳ ಮಂದಿಗೆ ತಿಳಿಯದ, ಆದರೆ ಮುಖ್ಯವಾದ ವಿಷಯ. ನಮ್ಮ ದೇಹಕ್ಕೆ ದಿನಕ್ಕೆ ಬೇಕಾಗುವ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ಕೂದಲಿಗೆಂದು ಮಾರುವ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ, ಅಂದರೆ ನೂರಾರು ಪಟ್ಟು ಇರುವುದು ಸಾಮಾನ್ಯ. ಇಷ್ಟು ಬಯೋಟಿನ್ ರಕ್ತದಲ್ಲಿದ್ದರೆ ಹಲವು ಪ್ರಯೋಗಾಲಯಗಳು ಬಳಸುವ ವಿಧಾನದಲ್ಲಿ ಟಿಎಸ್‌ಎಚ್ ಪ್ರಮಾಣ ಸುಳ್ಳೇ ಕಡಿಮೆಯೆಂದು ತೋರಬಹುದು. ಇದರಿಂದ ಥೈರಾಯ್ಡ್ ಕುಂದಿರುವವರ ವರದಿಯೂ ಸರಿಯಿದೆಯೆಂದು ಬರಬಹುದು, ಇಲ್ಲದ ಕಾಯಿಲೆಯೂ ಇದೆಯೆಂದು ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿಯೇ ಈ ಬಗ್ಗೆ ಎಚ್ಚರಿಕೆ ನೀಡಿತ್ತು. ಕನಿಷ್ಠ ಎರಡು ಮೂರು ದಿನ ಮೊದಲೇ ಮಾತ್ರೆ ಬಿಟ್ಟು ಹೋಗಿ. ರಕ್ತ ತೆಗೆಯುವವರಿಗೂ ತಿಳಿಸಿ. ಕೊರತೆಯಿಲ್ಲದವರಲ್ಲಿ ಬಯೋಟಿನ್ ನರೆಯನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲವಾದ್ದರಿಂದ, ಪರೀಕ್ಷೆಯ ನಂತರವೂ ಅದನ್ನು ಮತ್ತೆ ಶುರುಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಈಗ ಬಣ್ಣದ ವಿಷಯ. ಕಂದು ಕೂದಲಿನವರಿಗೆ ಒಂದು ಅನುಕೂಲವಿದೆ: ಕಡುಗಪ್ಪು ಕೂದಲಿನ ನಡುವೆ ಒಂದು ಬಿಳಿ ಎಳೆ ದೂರದಿಂದಲೇ ಕಣ್ಣಿಗೆ ಹೊಡೆದರೆ, ಕಂದು ಕೂದಲಿನಲ್ಲಿ ಅದು ಮಿಂಚುವ ಹೊಂಬಣ್ಣದ ಗೆರೆಯಂತೆ ಬೆರೆತುಹೋಗುತ್ತದೆ. ತೋಟದ ಬಿಸಿಲಿನಲ್ಲಿ ಓಡಾಡುವ ನಿಮ್ಮ ಕೂದಲಿನ ತುದಿಗಳು ಹೇಗೂ ಬುಡಕ್ಕಿಂತ ತಿಳಿಯಾಗಿರುತ್ತವೆ. ಕನ್ನಡಿಗೆ ಮೂಗು ತಾಗಿಸಿ ನೀವು ಎಣಿಸುವಷ್ಟು ಎಳೆಗಳು ಎದುರು ಕುಳಿತವರಿಗೆ ಕಾಣುವುದಿಲ್ಲ. ಹಾಗೆಯೇ ಬಿಟ್ಟುಬಿಡುವುದು ಪೂರ್ಣ ಸುರಕ್ಷಿತವಾದ ಆಯ್ಕೆ. ಬೈತಲೆಯನ್ನು ಒಂದು ಬೆರಳಿನಷ್ಟು ಆಚೆಗೆ ತೆಗೆದರೂ ಎಷ್ಟೋ ಎಳೆಗಳು ಒಳಗೆ ಸೇರಿಕೊಳ್ಳುತ್ತವೆ. ಬಿಳಿ ಎಳೆಗಳಿಗೆ ಮೆಲನಿನ್‌ನ ರಕ್ಷಣೆಯಿಲ್ಲದ ಕಾರಣ ಬಿಸಿಲಿಗೆ ಬೇಗ ಒರಟಾಗುತ್ತವೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಕಾಫಿ ಕೊಯ್ಲಿನ ಕಾಲದಲ್ಲಿ ಕಣದಲ್ಲಿ ನಿಲ್ಲುವಾಗ ತಲೆಗೊಂದು ವಸ್ತ್ರ ಕಟ್ಟಿಕೊಂಡರೆ ಒಳ್ಳೆಯದು.

ಇಡೀ ತಲೆಗೆ ಕಪ್ಪು ಹಾಕಿದರೆ ಒಂದೇ ಸಲಕ್ಕೆ ಮುಗಿಯುತ್ತದೆ ಎಂಬುದು ನಿಜವಲ್ಲ. ನಾಲ್ಕರಿಂದ ಆರು ವಾರದಲ್ಲಿ ಬುಡದಿಂದ 1 ಸೆಂಟಿಮೀಟರಿಗೂ ಹೆಚ್ಚು ಹೊಸ ಕೂದಲು ಬಂದಿರುತ್ತದೆ. ಆಗ ನಿಮ್ಮ ಬೈತಲೆಯಲ್ಲಿ ಬಿಳಿ ಎಳೆ ಮಾತ್ರವಲ್ಲ, ನಿಮ್ಮದೇ ಕಂದು ಕೂದಲೂ ಕಪ್ಪಿನ ಪಕ್ಕದಲ್ಲಿ ಬೇರೆಯಾಗಿ ಕಾಣುತ್ತದೆ. ಕಪ್ಪು ಕೂದಲಿನವರಿಗೆ ಈ ತೊಂದರೆ ಇಲ್ಲ, ನಿಮಗೆ ಇದೆ. ಅದನ್ನು ಮುಚ್ಚಲು ಮತ್ತೆ ಕಪ್ಪು, ಹೀಗೆ ಸುತ್ತು ಆರಂಭವಾಗುತ್ತದೆ. ಬೇಡವೆನಿಸಿ ಕಂದು ಬಣ್ಣ ಹಚ್ಚಿಸಿಕೊಂಡರೆ ಅದು ಕಪ್ಪಿನ ಮೇಲೆ ಹಿಡಿಯುವುದಿಲ್ಲ. ಕೃತಕ ಬಣ್ಣವನ್ನು ತೆಗೆಯಬೇಕಾದರೆ ಬ್ಲೀಚ್ ಮಾಡಬೇಕು, ಇಲ್ಲವೆ ಎರಡು ಮೂರು ವರ್ಷ ಬೆಳೆಸಿ ಕತ್ತರಿಸುತ್ತಾ ಬರಬೇಕು. ಬ್ಲೀಚ್ ಕೂದಲಿನ ಬಲವನ್ನೇ ಕುಂದಿಸುತ್ತದೆ.

ಇದಕ್ಕಿಂತ ಗಂಭೀರವಾದದ್ದು ಅಲರ್ಜಿ. ಗಾಢ ಬಣ್ಣದ ಹೆಚ್ಚಿನ ಶಾಶ್ವತ ಹೇರ್ ಡೈಗಳಲ್ಲಿ ಪ್ಯಾರಾ-ಫಿನೈಲೀನ್ ಡೈಅಮೀನ್, ಚಿಕ್ಕದಾಗಿ ಪಿಪಿಡಿ, ಎಂಬ ರಾಸಾಯನಿಕ ಇರುತ್ತದೆ. ಬಣ್ಣ ಗಾಢವಾದಷ್ಟೂ ಇದರ ಪ್ರಮಾಣ ಸಾಮಾನ್ಯವಾಗಿ ಹೆಚ್ಚು. ನನ್ನ ಕ್ಲಿನಿಕ್ಕಿಗೆ ಮದುವೆ, ಹಬ್ಬಗಳ ಕಾಲದಲ್ಲಿ ಬರುವವರಲ್ಲಿ ಒಂದು ಚಿತ್ರ ಬಹಳ ಪರಿಚಿತ. ಬಣ್ಣ ಹಾಕಿದ ದಿನ ಏನೂ ಆಗಿರುವುದಿಲ್ಲ, ಅಥವಾ ಸ್ವಲ್ಪ ನವೆಯಷ್ಟೇ. ಮರುದಿನ ಇಲ್ಲವೆ ಅದರ ಮರುದಿನ ಬೆಳಗ್ಗೆ ಎದ್ದಾಗ ಕಣ್ಣಿನ ರೆಪ್ಪೆಗಳು ಊದಿಕೊಂಡು ಕಣ್ಣು ತೆರೆಯಲಾಗುವುದಿಲ್ಲ. ಹಣೆಯ ಅಂಚಿನಲ್ಲಿ, ಕಿವಿಯ ಹಿಂದೆ, ಕತ್ತಿನ ಮೇಲೆ ಕೆಂಪಾಗಿ ಸಣ್ಣ ನೀರುಗುಳ್ಳೆಗಳೆದ್ದು ರಸ ಒಸರುತ್ತಿರುತ್ತದೆ. ತಲೆಯ ಚರ್ಮಕ್ಕಿಂತ ಮುಖದ ತೆಳು ಚರ್ಮದಲ್ಲಿಯೇ ತೊಂದರೆ ಹೆಚ್ಚಾಗಿ ಕಾಣುವುದರಿಂದ ಎಷ್ಟೋ ಮಂದಿ ಅದನ್ನು ಹುಳ ಕಚ್ಚಿದ್ದೆಂದೋ ಆಹಾರ ಒಗ್ಗದಿದ್ದದ್ದೆಂದೋ ಭಾವಿಸುತ್ತಾರೆ. ಈ ಮೊದಲು ಹಲವು ಸಲ ಹಚ್ಚಿದ್ದೇನೆ, ಆಗ ಏನೂ ಆಗಿರಲಿಲ್ಲ ಎಂಬುದು ಅವರು ಹೇಳುವ ಮಾತು. ಅಲರ್ಜಿ ಬೆಳೆಯುವುದೇ ಹಾಗೆ, ಹಿಂದಿನ ಬಳಕೆಗಳಿಂದಲೇ. ಒಮ್ಮೆ ಬಂದರೆ ಅದು ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಇನ್ನು ಕೆಲವರಲ್ಲಿ ಊತವೇನೂ ಇಲ್ಲದೆ ಹಣೆ, ಕೆನ್ನೆಯ ಚರ್ಮ ನಿಧಾನವಾಗಿ ಕಪ್ಪಿಡುತ್ತದೆ. ಅಪರೂಪಕ್ಕೆ ಹಣೆಯಂಚಿನಲ್ಲಿ ಬಿಳಿ ಮಚ್ಚೆಗಳೂ ಆಗುತ್ತವೆ.

ಪೊಟ್ಟಣದ ಮೇಲಿನ ಮಾತುಗಳಿಂದ ಮೋಸಹೋಗಬೇಡಿ. ಅಮೋನಿಯಾ ಇಲ್ಲ ಎಂದರೆ ಪಿಪಿಡಿ ಇಲ್ಲ ಎಂದರ್ಥವಲ್ಲ. ಹತ್ತು ನಿಮಿಷದಲ್ಲಿ ಕಪ್ಪಾಗಿಸುವ ಶಾಂಪೂ ಮಾದರಿಯ ಬಣ್ಣಗಳಲ್ಲಿಯೂ ‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿಗಳಲ್ಲಿಯೂ ಅದು ಇರುತ್ತದೆ. ಶುದ್ಧ ಮದರಂಗಿ ಯಾವ ಕಾರಣಕ್ಕೂ ಕಪ್ಪು ಬಣ್ಣ ಕೊಡುವುದಿಲ್ಲ. ಕಪ್ಪು ಕೊಟ್ಟರೆ ಅದರಲ್ಲಿ ಬೇರೇನೋ ಬೆರೆತಿದೆ ಎಂದೇ ತಿಳಿಯಿರಿ. ಪಿಪಿಡಿ ಇಲ್ಲವೆಂದು ಹೇಳಿಕೊಳ್ಳುವ ಬಣ್ಣಗಳಲ್ಲಿ ಅದರ ಹತ್ತಿರದ ಸಂಬಂಧಿ ರಾಸಾಯನಿಕಗಳನ್ನು ಬಳಸುವುದುಂಟು, ಪಿಪಿಡಿ ಅಲರ್ಜಿ ಇರುವ ಹಲವರಿಗೆ ಅವೂ ಒಗ್ಗುವುದಿಲ್ಲ. ಇಂತಹ ಪುಡಿ ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರು ಕಟ್ಟುವ, ಮೂತ್ರಪಿಂಡ ಕೆಡುವ ಅಪಾಯವಿದೆ. ಮನೆಯಲ್ಲಿ ಪುಟ್ಟ ಮಗುವಿರುವುದರಿಂದ ಪೊಟ್ಟಣವನ್ನು ಸ್ನಾನದ ಮನೆಯಲ್ಲಿ ಇಡಬೇಡಿ.

ಅಕ್ಕನವರ ಮದರಂಗಿ ಸಲಹೆ ನಿಮ್ಮ ಕೂದಲಿಗೆ ಚೆನ್ನಾಗಿ ಹೊಂದುತ್ತದೆ. ಮದರಂಗಿ ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಕೂದಲಿನ ಪ್ರೋಟೀನಾದ ಕೆರಟಿನ್‌ಗೆ ಅಂಟಿಕೊಂಡು ಬಿಳಿ ಎಳೆಗಳಿಗೆ ಕೆಂಪು ತಾಮ್ರದ ಬಣ್ಣ ಕೊಡುತ್ತದೆ. ಕಪ್ಪು ತಲೆಯಲ್ಲಿ ಕಿತ್ತಳೆ ಗೆರೆಗಳಂತೆ ಎದ್ದು ಕಾಣುವ ಈ ಬಣ್ಣ ಕಂದು ತಲೆಯಲ್ಲಿ ಸಹಜವಾಗಿ ಬೆರೆಯುತ್ತದೆ. ತಾಮ್ರದ ಛಾಯೆ ಹೆಚ್ಚಾಯಿತೆನಿಸಿದರೆ ಮದರಂಗಿಯ ಜೊತೆಗೆ ನೀಲಿ ಗಿಡದ ಎಲೆಯ ಪುಡಿ, ಅಂಗಡಿಗಳಲ್ಲಿ ಇಂಡಿಗೋ ಪುಡಿ ಎಂದು ಸಿಗುವುದು, ಸೇರಿಸಿದರೆ ಬಣ್ಣ ಕಂದಿನ ಕಡೆಗೆ ತಿರುಗುತ್ತದೆ. ಕಾಫಿ ಡಿಕಾಕ್ಷನ್ನಿನಲ್ಲಿ ಕಲಸುವ ಪದ್ಧತಿ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಅದರಿಂದ ಹಾನಿಯಿಲ್ಲ, ಆದರೆ ಕಾಫಿಯ ಬಣ್ಣ ಕೆಲವೇ ಸ್ನಾನಗಳಲ್ಲಿ ತೊಳೆದುಹೋಗುತ್ತದೆ, ಉಳಿಯುವುದು ಮದರಂಗಿಯದೇ. ಮದರಂಗಿ ಕೂದಲನ್ನು ಒಣಗಿಸುವುದರಿಂದ ತೊಳೆದ ನಂತರ ಕಂಡೀಷನರ್ ಅಥವಾ ಸ್ವಲ್ಪ ತೆಂಗಿನೆಣ್ಣೆ ಬೇಕು. ಶುದ್ಧ ಮದರಂಗಿಗೆ ಅಲರ್ಜಿ ಅಪರೂಪ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ-ಸಿಕ್ಸ್-ಪಿಡಿ ಎಂಬ ಕಿಣ್ವದ ಕೊರತೆ ಇರುವವರು ಮಾತ್ರ ಅದನ್ನು ಬಳಸಬಾರದು, ಮತ್ತು ಇದೇ ಕಾರಣಕ್ಕೆ ಎಳೆಯ ಮಕ್ಕಳ ಕೈಗೆ ಹಚ್ಚುವುದೂ ಬೇಡ. ಕೊಳ್ಳುವಾಗ ಪೊಟ್ಟಣದಲ್ಲಿ ಎಲೆಯ ಪುಡಿಯ ಹೊರತು ಬೇರೆ ಹೆಸರುಗಳಿಲ್ಲದ್ದನ್ನು ಆರಿಸಿ. ಕೆಲವು ಮಿಶ್ರಣಗಳಲ್ಲಿ ಲೋಹದ ಲವಣಗಳಿರುತ್ತವೆ. ಅಂತಹ ಕೂದಲಿಗೆ ಮುಂದೆ ಪಾರ್ಲರಿನಲ್ಲಿ ಪೆರಾಕ್ಸೈಡ್ ಇರುವ ಬಣ್ಣ ಹಾಕಿದರೆ ಬಿಸಿಯೆದ್ದು ಕೂದಲು ತುಂಡಾಗಬಹುದು.

ಪಾರ್ಲರಿನಲ್ಲಿಯೇ ಮಾಡಿಸಿಕೊಳ್ಳಬೇಕೆಂದಿದ್ದರೆ ಕಪ್ಪು ಬೇಡ, ನನ್ನ ಸಹಜ ಬಣ್ಣಕ್ಕಿಂತ ಒಂದು ಮೆಟ್ಟಿಲು ತಿಳಿಯಾದ ಕಂದು ಬೇಕು ಎಂದು ಕೇಳಿ. ಸಾಮಾನ್ಯವಾಗಿ ಬಣ್ಣದ ಪೆಟ್ಟಿಗೆಯ ಮೇಲಿನ ಸಂಖ್ಯೆಯಲ್ಲಿ 1 ಎಂದರೆ ಕಪ್ಪು, 3 ಕಡುಗಂದು, 4 ಮತ್ತು 5 ಅದಕ್ಕಿಂತ ತಿಳಿಯಾದ ಕಂದು. ಇಪ್ಪತ್ತು ಮೂವತ್ತು ಎಳೆಗಳಿಗೆ ಇಪ್ಪತ್ತು ಇಪ್ಪತ್ತೈದು ಸ್ನಾನಗಳಲ್ಲಿ ಮಾಸಿಹೋಗುವ ಬಣ್ಣವೇ ಸಾಕು, ಏಕೆಂದರೆ ಅದು ಮಾಸುವಾಗ ಬುಡದಲ್ಲಿ ಗಡಿಗೆರೆ ಮೂಡುವುದಿಲ್ಲ. ಆದರೆ ಇಂತಹ ಬಣ್ಣಗಳಲ್ಲಿಯೂ ಪಿಪಿಡಿ ಬಗೆಯ ರಾಸಾಯನಿಕ ಇರಬಹುದಾದ್ದರಿಂದ ಚರ್ಮದ ಮೇಲಿನ ಪರೀಕ್ಷೆಯನ್ನು ತಪ್ಪಿಸುವಂತಿಲ್ಲ. ಪೊಟ್ಟಣದ ಕಾಗದದಲ್ಲಿ ಹೇಳಿರುವಂತೆ, ಹಚ್ಚಲಿರುವ ಅದೇ ಬಣ್ಣವನ್ನು ಕಿವಿಯ ಹಿಂದೆ ಅಥವಾ ಮೊಣಕೈಯ ಒಳಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಸವರಿ, 48 ಗಂಟೆ ಕಾಯಿರಿ. ನವೆ, ಕೆಂಪು, ಉಬ್ಬು ಯಾವುದು ಕಂಡರೂ ಆ ಬಣ್ಣ ನಿಮಗಲ್ಲ. ಅರ್ಧ ಗಂಟೆ ನೋಡಿ ಏನೂ ಆಗಲಿಲ್ಲವೆಂದು ಹಚ್ಚಿಬಿಡುವುದು ಪರೀಕ್ಷೆಯೇ ಅಲ್ಲ. ಪ್ರತಿ ಸಲ ಹಚ್ಚುವ ಮೊದಲೂ ಇದನ್ನು ಮಾಡಬೇಕು. ಹುಬ್ಬಿಗೆ, ರೆಪ್ಪೆಗೆ ಈ ಬಣ್ಣಗಳನ್ನು ಎಂದಿಗೂ ಮುಟ್ಟಿಸಬೇಡಿ, ಕಣ್ಣಿಗೆ ಅಪಾಯ.

ಕ್ಯಾನ್ಸರಿನ ಬಗ್ಗೆ ನಿಮ್ಮ ಭಯ ಸಹಜವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ಪ್ರತಿದಿನ ಬಣ್ಣಗಳ ನಡುವೆ ಕೆಲಸ ಮಾಡುವ ಕೇಶವಿನ್ಯಾಸಕರ ಕಸುಬನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದ್ದೆಂದು ಪರಿಗಣಿಸಿತು. ತಮ್ಮ ಕೂದಲಿಗೆ ಬಣ್ಣ ಹಚ್ಚಿಕೊಳ್ಳುವವರ ವಿಷಯದಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲು ಸಾಕಷ್ಟು ಆಧಾರವಿಲ್ಲ ಎಂದಿತು. 2020ರಲ್ಲಿ ಪ್ರಕಟವಾದ, ಅಮೆರಿಕದ 1,17,200 ದಾದಿಯರನ್ನು 36 ವರ್ಷ ಗಮನಿಸಿದ ಅಧ್ಯಯನದಲ್ಲಿಯೂ ಹೆಚ್ಚಿನ ಕ್ಯಾನ್ಸರುಗಳ ಪ್ರಮಾಣ ಏರಿರಲಿಲ್ಲ. ಆದರೆ ಸ್ತನ ಕ್ಯಾನ್ಸರಿನ ಕೆಲವು ಬಗೆಗಳಲ್ಲಿ ಮತ್ತು ಅಂಡಾಶಯದ ಕ್ಯಾನ್ಸರಿನಲ್ಲಿ, ದೀರ್ಘಕಾಲದ ಬಳಕೆಯೊಂದಿಗೆ, ಸಣ್ಣ ಏರಿಕೆ ಕಂಡುಬಂತು. ವರ್ಷಕ್ಕೊಂದೆರಡು ಸಲ ಹಚ್ಚುವವರು ಹೆದರಬೇಕಾಗಿಲ್ಲ. ಮೂವತ್ತರಲ್ಲಿ ಆರಂಭಿಸಿ ತಿಂಗಳಿಗೊಮ್ಮೆಯಂತೆ ಮೂವತ್ತು ನಲವತ್ತು ವರ್ಷ ಹಚ್ಚುವ ಸುತ್ತಿಗೆ ಅಷ್ಟು ಬೇಗ ಇಳಿಯಬೇಡಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಗರ್ಭಿಣಿಯಾದ ಮೇಲೆ ತಲೆಯ ಚರ್ಮದಿಂದ ರಕ್ತಕ್ಕೆ ಸೇರುವ ಬಣ್ಣ ಅತ್ಯಲ್ಪವೇ ಆದರೂ, ಮೊದಲ ಮೂರು ತಿಂಗಳು ರಾಸಾಯನಿಕ ಬಣ್ಣವನ್ನು ಬಿಡುವುದು ವಾಡಿಕೆ, ಅದನ್ನೇ ಪಾಲಿಸಿ.

ಮದುವೆಗೆ ಇನ್ನೂ ಕೆಲವು ವಾರಗಳಿರುವುದರಿಂದ ಹೀಗೆ ಮಾಡಿ. ಮದರಂಗಿ ಹಚ್ಚುವುದಾದರೆ ಈ ವಾರವೇ ಕತ್ತರಿಸಿದ ಕೆಲವು ಬಿಳಿ ಎಳೆಗಳ ಮೇಲೆ ಪ್ರಯೋಗಿಸಿ, ಮರುದಿನ ಹಗಲು ಬೆಳಕಿನಲ್ಲಿ ಬಣ್ಣ ನೋಡಿ ತೀರ್ಮಾನಿಸಿ. ಪಾರ್ಲರಿನ ಕಂದು ಬಣ್ಣವಾದರೆ ಚರ್ಮದ ಪರೀಕ್ಷೆಯನ್ನು ಮದುವೆಗೆ ಮೂರು ವಾರ ಮೊದಲು, ಬಣ್ಣವನ್ನು ಹತ್ತು ದಿನ ಮೊದಲು ಹಾಕಿಸಿಕೊಳ್ಳಿ. ಏನಾದರೂ ಒಗ್ಗದಿದ್ದರೆ ಚಿಕಿತ್ಸೆಗೆ ಸಮಯವಿರುತ್ತದೆ. ಹಿಂದಿನ ದಿನ ಹಾಕಿಸಿಕೊಂಡರೆ ಊದಿದ ಮುಖದಲ್ಲಿ ಮದುವೆಗೆ ಹೋಗಬೇಕಾದೀತು. ಇವೆರಡೂ ಬೇಡವಾದರೆ ಬೈತಲೆಗೆ ಸವರಿಕೊಳ್ಳುವ ಕಂದು ಬಣ್ಣದ ಪುಡಿ ಅಥವಾ ಕಡ್ಡಿ ಸಿಗುತ್ತದೆ, ರಾತ್ರಿ ತಲೆ ತೊಳೆದರೆ ಹೋಗುತ್ತದೆ. ನಿಮ್ಮ ಸ್ಥಿತಿಗೆ ನನ್ನ ಮೊದಲ ಆಯ್ಕೆ ಇದೇ.

ನರೆ ಒಂದೇ ಕಡೆ ಗೊಂಚಲಾಗಿ ಬಂದು ಅದರ ಕೆಳಗಿನ ಚರ್ಮವೂ ಬೆಳ್ಳಗಾಗಿದ್ದರೆ, ದುಂಡಗೆ ಕೂದಲುದುರಿದ ಜಾಗವಿದ್ದರೆ, ಹುಬ್ಬು ರೆಪ್ಪೆಗಳೂ ಬಿಳಿಯಾಗುತ್ತಿದ್ದರೆ ಬಣ್ಣದ ಯೋಚನೆಯನ್ನು ಬದಿಗಿಟ್ಟು ಚರ್ಮವೈದ್ಯರಿಗೆ ತೋರಿಸಿ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋದರೂ ಆಗುತ್ತದೆ. ರಕ್ತಪರೀಕ್ಷೆಯನ್ನು ಮದುವೆಯ ಗಡಿಬಿಡಿ ಮುಗಿಯಲಿ ಎಂದು ಮುಂದೂಡಬೇಡಿ. ಬಿ12 ಪ್ರಮಾಣ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಬಂದರೆ, ಅಥವಾ ಟಿಎಸ್‌ಎಚ್ ಏರುಪೇರಾಗಿದ್ದರೆ, ಕೂದಲಿನ ಬಣ್ಣ ಮರಳಲಿ ಬಿಡಲಿ, ಗರ್ಭ ಧರಿಸುವ ಮೊದಲೇ ಚಿಕಿತ್ಸೆ ಆರಂಭವಾಗಿರಬೇಕು. ಹುಟ್ಟುವ ಮಗುವಿನ ಮೆದುಳು, ನರಗಳ ಬೆಳವಣಿಗೆಗೆ ಬಿ12, ಥೈರಾಯ್ಡ್ ಹಾರ್ಮೋನು ಎರಡೂ ಅಗತ್ಯ. ವರದಿ ಕೈಗೆ ಬಂದ ಮೇಲೆ ಹತ್ತಿರದ ವೈದ್ಯರಿಗೆ ತೋರಿಸಿ, ಎರಡನೆಯ ಮಗುವಿನ ಯೋಚನೆಯಿರುವುದನ್ನೂ ಅವರಿಗೆ ತಪ್ಪದೆ ತಿಳಿಸಿ.